ನಾಲ್ಕರ ಗಂಟೆ

ಹೈಸ್ಕೂಲಿನ ಜವಾನ ಚೌಡಪ್ಪ ನಾಲ್ಕರ ಗಂಟೆಯನ್ನು ಐದು ನಿಮಿಷ ತಡವಾಗಿ ಹೊಡೆದ. ತಪಾಸಣೆಗೆ ಬಂದಿದ್ದ ಇನ್ಸ್‌ಪೆಕ್ಟರ್ ಸಾಹೇಬರು ಗದರಿದರು.

"ಯಾಕಯ್ಯ ತಡ?"

"ಮೇಷ್ಟ್ರು ಕಾವ್ಯ ಓದ್ತಿದ್ರು ಸಾರ್. ತಾಯಿ ರಣರಂಗದಲ್ಲಿ ಮಗನ್ನ ಹುಡುಕ್ತಿದ್ಲು. ಪದ್ಯ ಮುಗೀಲಿ ಅಂತ ಕಾದೆ."

"ಕಾವ್ಯ ಕಟ್ಕೊಂಡು ನಿನಗೇನಯ್ಯ? ನಾಳೆ ಒಂದು ನಿಮಿಷ ಹೆಚ್ಚುಕಡಿಮೆ ಆದ್ರೂ ಕೆಲಸದಿಂದ ತೆಗೀತೀನಿ."

"ಅಪ್ಪಣೆ ಸಾರ್."

ಮರುದಿನ ಕೊನೆಯ ಪೀರಿಯಡ್ಡಿಗೆ ಚೌಡಪ್ಪ ಸಾಹೇಬರ ಕುರ್ಚಿಯನ್ನು ಹತ್ತನೇ ತರಗತಿಯ ಕಿಟಕಿಯ ಬಳಿ ಹಾಕಿದ. "ಇಲ್ಲಿ ಗಾಳಿ ಚೆನ್ನಾಗಿದೆ ಸಾರ್," ಎಂದ.

ಮೇಷ್ಟ್ರು ನಿನ್ನೆಯ ಕಾವ್ಯವನ್ನು ಮುಂದುವರಿಸಿದರು. ಹೆಣಗಳ ನಡುವೆ ತಾಯಿಯ ಕೈದೀಪ, ದಾರಿ ತಪ್ಪಿದ ಒಂಟಿ ದೋಣಿಯಂತೆ ತೇಲುತ್ತಿತ್ತು. "ಇದು ಉಪಮೆ ಮಕ್ಕಳೇ," ಎಂದರು. ಯಾರೂ ಬರೆದುಕೊಳ್ಳಲಿಲ್ಲ. ಹಳದಿ ಬಿಸಿಲು ಬೆಂಚುಗಳ ಮೇಲೆ ಮಲಗಿತ್ತು. ಸಾಹೇಬರು ಗಲ್ಲಕ್ಕೆ ಕೈಯೂರಿ ಎಲ್ಲೋ ದೂರ ನೋಡುತ್ತಿದ್ದರು. ತಾಯಿ ಬಾಗಿದಳು. ಒಂದು ಮುಖದ ಹತ್ತಿರ ದೀಪ ಹಿಡಿದಳು.

ಢಣ್! ಢಣ್!

"ಯಾವನಯ್ಯ ಅವನು, ಈಗ ಗಂಟೆ ಹೊಡೆದೋನು?" ಸಾಹೇಬರು ಕುರ್ಚಿಯಿಂದೆದ್ದು ಕೂಗಿದರು.

ಚೌಡಪ್ಪ ಬಾಗಿಲಿಗೆ ಬಂದು ಕೈಕಟ್ಟಿ ನಿಂತ. "ನಾನೇ ಸಾರ್. ಸರಿಯಾಗಿ ನಾಲ್ಕು. ಒಂದು ನಿಮಿಷವೂ ಹೆಚ್ಚುಕಡಿಮೆ ಇಲ್ಲ."

ಮಕ್ಕಳು ಯಾರೂ ಎದ್ದಿರಲಿಲ್ಲ. ಸಾಹೇಬರು ಅವರನ್ನೊಮ್ಮೆ ನೋಡಿದರು, ಚೌಡಪ್ಪನನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಕೂತರು.

"ನೀವು ಓದಿ ಮೇಷ್ಟ್ರೇ. ಚೌಡಪ್ಪ, ಈ ಗಂಟೆ ಲೆಕ್ಕಕ್ಕಿಲ್ಲ. ತಾಯಿಗೆ ಮಗ ಸಿಕ್ಕಿದ ಮೇಲೆ ಇನ್ನೊಂದು ಸಲ ಹೊಡಿ."