ಮನೆಗೊಂದು ಬುಟ್ಟಿ ಮಣ್ಣು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಹೀಬ್ರೂ ಭಾಷೆಯಲ್ಲಿ 'ಶೆಮಾ' ಎಂಬ ಮಾತಿದೆ. ಅದಕ್ಕೆ ಕಿವಿಗೊಡು ಎಂದೂ ಅರ್ಥ, ಹೇಳಿದಂತೆ ನಡೆ ಎಂದೂ ಅರ್ಥ. ಎರಡು ಬೇರೆ ಬೇರೆ ಕೆಲಸಕ್ಕೆ ಒಂದೇ ಮಾತು ಏಕೆ?"

ಗುರುಗಳು ಹೇಳಿದರು:

"ದಿಬ್ಬದ ಮೇಲೆ ಒಂದು ಊರು. ಕೆರೆಯ ಏರಿಯ ಕೆಳಗೆ ಆ ಊರಿನದೇ ಒಂದು ಕೇರಿ. ಕೆರೆ ಕಾಯಲು ಒಬ್ಬ ನೀರುಗಂಟಿ. ಏರಿ ಜಿನುಗಿದರೆ ಅವನು ತಮಟೆ ಬಾರಿಸಬೇಕು. ದಿಬ್ಬದವರು ಬಾಗಿಲಿಗೆ ಬಂದು 'ಕೇಳಿಸಿತು' ಎಂದು ಕೂಗಿ, ಮನೆಗೊಂದು ಬುಟ್ಟಿ ಮಣ್ಣು ಹೊತ್ತು ಓಡಬೇಕು. ಕೂಗು ಬಾರದಿದ್ದರೆ ನೀರುಗಂಟಿ ಏರಿಯ ಆಸೆ ಬಿಟ್ಟು, ಕೇರಿಯ ಜನರನ್ನು ದಿಬ್ಬ ಹತ್ತಿಸಬೇಕು. ಇದು ಹಿರಿಯರ ಕಟ್ಟಳೆ.

ಒಂದು ಮಳೆಗಾಲದ ಮಧ್ಯಾಹ್ನ ಏರಿ ಬಿರುಕು ಬಿಟ್ಟಿತು. ತಮಟೆ ಕೇಳಿದಾಗ ರೈತನೊಬ್ಬ ಊಟಕ್ಕೆ ಕುಳಿತಿದ್ದ. ಅವನ ಮಗಳನ್ನು ಕೊಟ್ಟಿದ್ದು ಕೆಳಗಿನ ಕೇರಿಗೇ. ಎಂಜಲು ಕೈಯಲ್ಲೇ ಬಾಗಿಲಿಗೆ ಬಂದು ಎಲ್ಲರಿಗಿಂತ ಗಟ್ಟಿಯಾಗಿ 'ಕೇಳಿಸಿತು' ಎಂದ. ಮನೆಮನೆಯಿಂದಲೂ ಅದೇ ಕೂಗು ಎದ್ದಿತು.

ಹೆಂಡತಿ ಬುಟ್ಟಿ ತಂದಳು. 'ಹೊರಡಲ್ವಾ?'

'ಇರೇ, ಎರಡು ತುತ್ತು ಉಂಡ್ಕಂತೀನಿ. ಊರಿಗೂರೇ ಕೂಗೈತೆ. ನನ್ನ ಒಂದು ಬುಟ್ಟಿ ತಡ ಆದ್ರೆ ಏನೂ ಮುಳುಗೋಗಲ್ಲ.'

ಊರೆಲ್ಲ ಹಾಗೆಯೇ ಅಂದುಕೊಂಡಿತ್ತು. ಕೆಟ್ಟ ಜನರಲ್ಲ, ಪಾಪ. ಊಟದ ಹೊತ್ತು, ಅಷ್ಟೆ.

ನೀರುಗಂಟಿಗೆ ಆ ಕೂಗುಗಳಿಂದ ಧೈರ್ಯ ಬಂತು. ತಮಟೆ ಕೆಳಗಿಟ್ಟ. ಕೇರಿಯ ಕಡೆ ಹೋಗಲಿಲ್ಲ. ಜನ ಈಗ ಬರುತ್ತಾರೆಂದು ಬಿರುಕಿಗೆ ಬೆನ್ನು ಕೊಟ್ಟು ನಿಂತ.

ರೈತ ಬುಟ್ಟಿ ಹೊತ್ತು ಬಂದಾಗ ಏರಿ ಇರಲಿಲ್ಲ, ನೀರುಗಂಟಿ ಇರಲಿಲ್ಲ, ಕೇರಿಯೂ ಇರಲಿಲ್ಲ. ಮಗಳ ಮನೆ ಯಾವ ಕಡೆಗಿತ್ತು ಎಂಬುದೇ ಅವನಿಗೆ ಗುರುತು ಸಿಗಲಿಲ್ಲ. ಬುಟ್ಟಿ ಇಳಿಸಲೂ ತೋಚದೆ ಮಳೆಯಲ್ಲಿ ನಿಂತೇ ಇದ್ದ. ನನಗೆ ಹೊಟ್ಟೆ ಉರಿಯುವುದು ಇಷ್ಟಕ್ಕೇ: ಆ ದಿಬ್ಬದವರೆಲ್ಲ ಕಿವುಡರಾಗಿದ್ದರೆ ಕೇರಿ ಬದುಕುತ್ತಿತ್ತು."

ಶಿಷ್ಯ ಕಣ್ಣೊರೆಸಿಕೊಂಡು, "ಅರ್ಥವಾಯಿತು ಗುರುಗಳೇ" ಎಂದ.

ಗುರುಗಳು ಅವನ ಬರಿಗೈಗಳನ್ನು ನೋಡಿದರು.

"ಕೂಗಿದೆ, ಸರಿ. ಬುಟ್ಟಿ ಎಲ್ಲಿ?"