ಗೀರು ಬೀಳದ ಗಾಡಿ

ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿಯಮ್ಮ ಮೈಮೇಲೆ ಹೊದಿಕೆಯಿಲ್ಲದೆ ಶೆಡ್ಡಿನಲ್ಲಿ ನಿಂತು, ಸಮುದ್ರ ನೋಡಬೇಕೆಂದು ಹಂಬಲಿಸುತ್ತಿದ್ದಳಂತೆ. ಅವಳ ಮೈಗೆ ಹೊದಿಕೆಯಾಗುತ್ತೇವೆಂದು ಅವಳನ್ನು ನೋಡಲು ಎರಡು ಗಂಡು ಬಂದವು.

“ಪೆಟ್ಟು ಬಿದ್ದರೆ ತಗ್ಗಾಗುತ್ತೇನೆ, ತಟ್ಟಿದರೆ ಸರಿಹೋಗುತ್ತೇನೆ,” ಎಂದಿತು ಅಲ್ಯೂಮಿನಿಯಂ ತಗಡು.

“ಅದು ಪಾತ್ರೆ ಅಂಗಡಿ ವಂಶ. ನನ್ನ ನುಣುಪು ನೋಡು,” ಎಂದಿತು ಫೈಬರ್‌ಗ್ಲಾಸ್ ಹಾಳೆ.

ನುಣುಪಿಗೆ ಮರುಳಾದ ಗಾಡಿಯಮ್ಮ ಫೈಬರನ್ನೇ ಕಟ್ಟಿಕೊಂಡಳು. ಆಮೇಲೆ ಶುರುವಾಯಿತು ನೋಡಿ ಅದರ ಕಾಟ. ಆ ದಾರಿಯಲ್ಲಿ ಮುಳ್ಳಿದೆ, ಬೇಡ. ಬಿಸಿಲಿಗೆ ಬಣ್ಣ ಹೋಗುತ್ತದೆ, ಬೇಡ. ಪಾಪ, ಟಾರ್ಪಾಲಿನ ಮುಸುಕು ಹೊದ್ದು ಕೂತೇಬಿಟ್ಟಳು.

ಅತ್ತ ಬೇರೆ ಗಾಡಿಯ ಕೈಹಿಡಿದಿದ್ದ ತಗಡು, ಮೈತುಂಬ ತಗ್ಗು ಮಾಡಿಕೊಂಡು, ಸಮುದ್ರ ಸುತ್ತಿ ಬಂದು ಪಕ್ಕದಲ್ಲೇ ನಿಂತಿತು.

“ಸ್ವಲ್ಪ ಹತ್ತಿರ ಬಾರಪ್ಪ, ಉಪ್ಪಿನ ವಾಸನೆಯಾದರೂ ನೋಡುತ್ತೇನೆ,” ಎಂದಳು ಗಾಡಿಯಮ್ಮ ಮುಸುಕಿನೊಳಗಿಂದ.

“ಅಲ್ಲೇ ಇರಲಿ,” ಎಂದಿತು ಫೈಬರ್, “ತಾಕಿದರೆ ಗೀರು ಬಿದ್ದೀತು.”