ಹೊಸ್ತಿಲ ಬೆಲ್ಲದ ನೀರು

ಹುಟ್ಟಿದ ಕೂಸಿಗೆ ಆರು ತಿಂಗಳು ತಾಯಿಯ ಹಾಲು ಬಿಟ್ಟು ಬೇರೇನೂ ಕೊಡಬಾರದು. ಒಂದು ಹನಿ ನೀರನ್ನೂ ಕೊಡಬಾರದು. ನಿಯಮ ಇಷ್ಟೇ. ಇದರಲ್ಲಿ ತಿಳಿಯದೇ ಇರುವಂಥದ್ದು ಏನೂ ಇಲ್ಲ. ಕಲ್ಲಹಾಳದ ಹೆಂಗಸರು ಇದನ್ನು ಒಪ್ಪಿದರು, ಒಕ್ಕೊರಲಿನಿಂದ ಹೇಳಿದರು, ಬೀಸುಕಲ್ಲಿನ ಹಾಡಿನ ಧಾಟಿಗೆ ಕೂಡಿಸಿ ಹಾಡಿದರು. ಆಮೇಲೆ ಎಲ್ಲರೂ ಮುರಿದರು. ಅತ್ತೆಗೆ ಹೆದರಿ ಮುರಿದವರಿದ್ದರು, ಬೀಗರಿಗೆ ನಾಚಿ ಮುರಿದವರಿದ್ದರು, "ಒಂದ್ ಹನಿಗೆ ಏನಾಗತೈತಿ ಬಿಡ" ಎಂದು ಮುರಿದವರೇ ಹೆಚ್ಚು. ಹೇಳಿಕೊಟ್ಟವಳೂ ಮುರಿದಳು. ಮುರಿಯದೇ ಉಳಿದವನು ಒಬ್ಬ. ಅವನ ಕತೆ ಕೇಳಿ.

ಆ ಊರಲ್ಲಿ ಫಕೀರವ್ವ ಅಂತ ಒಬ್ಬ ತಾಯಿ. ಅವಳಿಗೆ ಯಮನೂರಪ್ಪ ಅಂತ ಒಬ್ಬ ಮಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ನೀರು ತಗೊಂಡು ಬಾ ಅಂದರೆ ತರುತ್ತಿದ್ದ. ಇಳಿಸು ಅನ್ನುವ ತನಕ ಕೊಡ ಹೊತ್ತೇ ನಿಂತಿರುತ್ತಿದ್ದ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂತ. ಹಿತ್ತಿಲ ಕಡೆಯಿಂದ ನಾಯಿ ಬಂದು ರೊಟ್ಟಿ ತಿಂದು ಹೋಯಿತು.

"ನಾಯಿ ಬಂದದ್ದು ಕಾಣಲಿಲ್ಲೇನೋ?"

"ಬಾಗಲದಾಗ ಬರಲಿಲ್ಲವ್ವ ಅದು."

ಫಕೀರವ್ವ ಹಣೆ ಹಣೆ ಬಡಿದುಕೊಂಡಳು. "ನಿನ್ನ ತಲ್ಯಾಗ ದೇವರು ಹೊಟ್ಟು ತುಂಬ್ಯಾನೋ, ಕಣಕಿ ತುಂಬ್ಯಾನೋ."

"ನೋಡಿಲ್ಲವ್ವ," ಅಂದ ಯಮನೂರಪ್ಪ.

ಅವಳಿಗೆ ಒಬ್ಬ ಮಗಳೂ ಇದ್ದಳು, ಯಮನೂರಪ್ಪನ ಅಕ್ಕ, ರೇಣವ್ವ. ಆಚೆ ಊರಿಗೆ ಕೊಟ್ಟಿತ್ತು. ಹೋದ ಬಾರಿ ಹೆರಿಗೆಗೆ ತವರಿಗೆ ಬಂದಾಗ ಹೆಣ್ಣು ಕೂಸು ಹುಟ್ಟಿತ್ತು, ಗುಂಡಗೆ ಚೆನ್ನಾಗಿತ್ತು. ಪದ್ಧತಿಯಂತೆ ತಾಯಿಯ ಮೊದಲ ಹಳದಿ ಹಾಲನ್ನು ಗೋಡೆಯ ಬುಡಕ್ಕೆ ಹಿಂಡಿಸಿದರು. ಪದ್ಧತಿಯಂತೆ ಬತ್ತಿ ಅದ್ದಿ ಬೆಲ್ಲದ ನೀರು ಚೀಪಿಸಿದರು. ಕೂಸಿಗೆ ಭೇದಿ ಹತ್ತಿತು. ಹೆಸರಿಡುವ ಮೊದಲೇ ಹೋಯಿತು. ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬತ್ತಿ ಹೊಸೆದವಳು ಫಕೀರವ್ವನೇ. ಅಂದಿನಿಂದ ದೇವರ ದೀಪಕ್ಕೆ ಬತ್ತಿ ಹೊಸೆಯುವ ಕೆಲಸವನ್ನೂ ಅವಳು ಪಕ್ಕದ ಮನೆಯ ಕಳಕವ್ವನಿಗೆ ಬಿಟ್ಟಿದ್ದಳು. ಕೇಳಿದವರಿಗೆ, "ಬೆರಳು ನೋಯತಾವ" ಅನ್ನುತ್ತಿದ್ದಳು.

ಈಗ ರೇಣವ್ವ ಮತ್ತೆ ಬಸುರಿ. ಮತ್ತೆ ತವರಿಗೆ ಬಂದಿದ್ದಳು. ಹಗಲೆಲ್ಲ ಮಾತಿಲ್ಲದೆ ಮಲಗಿರುತ್ತಿದ್ದಳು.

ಊರಿನಲ್ಲಿ ಹೀಗೆ ಹೆಸರಿಲ್ಲದೆ ಹೋದ ಕೂಸುಗಳು ಒಂದೆರಡಲ್ಲ. ಅದಕ್ಕೇ ಹೆಂಗಸರೆಲ್ಲ ಸೇರಿ ತಾಯಂದಿರ ಕೂಟ ಕಟ್ಟಿಕೊಂಡಿದ್ದರು. ಬಟ್ಟೆ ಹೊಲಿಯುವ ಕಸ್ತೂರೆವ್ವ ತಾಲೂಕಿನಲ್ಲಿ ತರಬೇತಿಗೆ ಹೋಗಿ ಕಲಿತು ಬಂದಿದ್ದಳು. ವಾರಕ್ಕೊಮ್ಮೆ ಅವಳ ಅಂಗಳದಲ್ಲಿ ಎಲ್ಲರೂ ಕೂಡುವುದು, ಒಂದು ಪಾಠ ಕೇಳುವುದು, ಮನೆಗೆ ಹೋಗಿ ಮಾಡಿ ನೋಡುವುದು. ಮನೆಗೊಬ್ಬರು ಬರಲೇಬೇಕು. ಬರದಿದ್ದ ಮನೆಯವರು ಮುಂದಿನ ವಾರ ಎಲ್ಲರ ಮುಂದೆ ಅಂಗಳ ಗುಡಿಸಬೇಕು.

ಫಕೀರವ್ವನಿಗೆ ಮೆಣಸಿನಕಾಯಿ ಬಿಡಿಸುವ ಕೂಲಿ. ಬಿಟ್ಟು ಬರುವಂತಿಲ್ಲ. ಮಗಳು ಏಳುವಂತಿಲ್ಲ. ಉಳಿದವನು ಯಮನೂರಪ್ಪ.

"ಕೂಟಕ್ಕ ಹೋಗು. ಅಲ್ಲಿ ಏನ್ ಹೇಳತಾರ ಕೇಳು. ಕೇಳಿದ್ದನ್ನ ಮನಿಗೆ ಬಂದು ಮಾಡು. ತಿಳೀತೇನು?"

"ತಿಳೀತವ್ವ."

ಹೋದ. ಹೆಂಗಸರ ನಡುವೆ ಮೀಸೆ ಕಂಡು ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕರು. "ಏನಪಾ, ಯಾವ ತಿಂಗಳೊಳಗ ಅದೀ?" ಅಂದಳು ಕಳಕವ್ವ. "ಶ್ರಾವಣ ಅಲ್ಲೇನಬೇ?" ಅಂದ ಯಮನೂರಪ್ಪ. ಮತ್ತೆ ನಕ್ಕರು. ಅವನು ಕಂಬಕ್ಕೊರಗಿ ಕೂತು ಪಾಠ ಕೇಳಿದ.

ಅಂದಿನ ಪಾಠ ನೊಣದ್ದು. "ನೊಣ ಕೂಡ್ರೋವಂಥಾದ್ದನ್ನ ಯಾವುದನ್ನೂ ತೆರೆದಿಡಬಾರದು, ಮುಚ್ಚಿಡಬೇಕು," ಅಂದಳು ಕಸ್ತೂರೆವ್ವ.

ಯಮನೂರಪ್ಪ ಮನೆಗೆ ಬಂದು ನೊಣ ಎಲ್ಲಿ ಕೂತಿದೆ ಅಂತ ಹುಡುಕಿದ. ರೊಟ್ಟಿಯ ಬುಟ್ಟಿಯ ಮೇಲೆ ಇರಲಿಲ್ಲ. ಗಬ್ಬದ ಎಮ್ಮೆಯ ಮೇಲೆ ಕಪ್ಪಗೆ ಮುತ್ತಿದ್ದವು. ಎಮ್ಮೆಗೆ ಸಾಲುವಂಥ ಮುಚ್ಚಳ ಎಲ್ಲಿಂದ ತರಬೇಕು? ಫಕೀರವ್ವ ಹಳೆ ಸೀರೆಗಳನ್ನು ಕೂಡಿಸಿ, ಬರುವ ಕೂಸಿಗೆಂದು ಒಂದು ಕೌದಿ ಹೊಲಿದಿಟ್ಟಿದ್ದಳು. ಅದನ್ನು ಎಮ್ಮೆಗೆ ಹೊದಿಸಿ, ಹೊಟ್ಟೆಯ ಕೆಳಗೆ ಹಗ್ಗ ಬಿಗಿದ. ಎಮ್ಮೆ ಹುಟ್ಟಿದಾಗಿನಿಂದ ಬಟ್ಟೆ ತೊಟ್ಟಿದ್ದಲ್ಲ. ಗೂಟ ಕಿತ್ತುಕೊಂಡು ಓಡಿತು, ಜಾಲಿಯ ಕಂಟಿಯಲ್ಲಿ ನುಗ್ಗಿತು, ಕೆರೆಗೆ ಬಿತ್ತು. ಹೊಲದಿಂದ ಬರುತ್ತಿದ್ದ ಫಕೀರವ್ವ ನೋಡುತ್ತಾಳೆ, ತಾನು ಹೊಲಿದ ಕೌದಿ ಕೆರೆಯಲ್ಲಿ ಈಜುತ್ತಿದೆ.

"ಯಾಕೋ ಹಿಂಗ ಮಾಡಿದಿ?"

"ನೊಣ ಕೂತಿದ್ವವ್ವ. ಮುಚ್ಚಿದೆ."

"ಮಾಡೋಕಿಂತ ಮೊದಲ ಒಂದ್ ಮಾತು ಕೇಳಬಾರದೇನೋ? ಕೇಳಿ ಮಾಡಬೇಕಪಾ, ಕೇಳಿ ಮಾಡಬೇಕು."

"ಆತವ್ವ, ಇನ್ನ ಕೇಳೇ ಮಾಡತೀನಿ."

ಮುಂದಿನ ಪಾಠ ನೀರಿನದು. ಕುಡಿಯುವ ನೀರನ್ನು ಕುದಿಸಬೇಕು, ಕುದ್ದ ಮೇಲೆ ಇಳಿಸಿ ಆರಿಸಬೇಕು. ಯಮನೂರಪ್ಪ ಬಂದು ಒಲೆ ಹೊತ್ತಿಸಿದ, ಗಡಿಗೆ ಏರಿಸಿದ, ನೀರು ಕುದಿಯಿತು. ಇಳಿಸಬೇಕು. ಆದರೆ ಕೇಳಿ ಇಳಿಸಬೇಕಲ್ಲ? ಅಕ್ಕ ಮಲಗಿದ್ದಳು, ಅವ್ವ ಹೊಲದಲ್ಲಿದ್ದಳು. ಗಡಿಗೆಯನ್ನೇ ಕೇಳಿದ.

"ಇಳಸಲೇನು?"

ಗಡಿಗೆ ಗುಳುಗುಳು ಅಂದಿತು.

ಇನ್ನೂ ಮಾತಾಡುತ್ತಿದೆ, ಮುಗಿಸಲಿ ಅಂತ ಕಾದ. ಗಡಿಗೆ ಬಹಳ ಹೊತ್ತು ಮಾತಾಡಿತು. ಆಮೇಲೆ ಸಣ್ಣಗೆ ಗೊಣಗಿತು. ಆಮೇಲೆ ಸುಮ್ಮನಾಯಿತು. "ಈಗರ ಇಳಸಲೇನು?" ಅಂದ. ಉತ್ತರವಿಲ್ಲ. ಮತ್ತೆ ಕೇಳಿದ. ಟಪ್ ಅಂತ ಗಡಿಗೆ ಸೀಳಿತು.

"ಗಡಿಗಿ ಎಲ್ಲೆರ ಹೇಳತೈತೇನೋ ಹುಚ್ಚಪ್ಪ?" ಅಂದಳು ಫಕೀರವ್ವ, ಒಡೆದ ಗಡಿಗೆಯ ಬೋಕಿ ಆರಿಸುತ್ತ. "ಅವರನ್ನ ಇವರನ್ನ ಕೇಳಕೋತ ನಿಂದ್ರಬ್ಯಾಡ. ಕೂಟದಾಗ ಏನ್ ಹೇಳತಾರ ಅದನ್ನ ಗಟ್ಟಿ ಹಿಡಿ. ಯಾರ್ ಬಂದು ಏನಂದ್ರೂ ಬಿಡಬ್ಯಾಡ."

"ಆತವ್ವ, ಗಟ್ಟಿ ಹಿಡೀತೀನಿ."

ಮುಂದಿನ ಪಾಠ ಹಾಲಿನದು. ಕಸ್ತೂರೆವ್ವ ಕೇಳುವಳು, ಎಲ್ಲರೂ ಹೇಳುವರು.

"ಹಡದ ಕೂಡಲೇ ಬರೋ ಹಳದಿ ಹಾಲು ಯಾರಿಗೆ?"

"ಕೂಸಿಗೆ."

"ಗ್ವಾಡಿಗೆ ಹಿಂಡೋಣೇನು?"

"ಇಲ್ಲಬೇ ಯವ್ವ."

"ಆರು ತಿಂಗಳು ಬ್ಯಾರೆ ಏನರ?"

"ಒಂದ್ ಹನಿ ನೀರೂ ಇಲ್ಲ."

ಯಮನೂರಪ್ಪನೂ ತುಟಿ ಆಡಿಸಿದ. ಮನೆಯ ತನಕ ತುಟಿ ಆಡಿಸುತ್ತಲೇ ಬಂದ. ಬಂದು ನೋಡಿದರೆ ಎಮ್ಮೆ ಈದಿತ್ತು.

ಎಮ್ಮೆ ಈದರೆ ಮೊದಲ ಹಾಲಿನಲ್ಲಿ ಗಿಣ್ಣ. ಬೆಲ್ಲ ಯಾಲಕ್ಕಿ ಹಾಕಿ ಕಾಸಿ ಓಣಿಗೆಲ್ಲ ಹಂಚುವುದು ಊರ ಪದ್ಧತಿ. ಫಕೀರವ್ವ ಎಲ್ಲರ ಮನೆಯ ಗಿಣ್ಣ ತಿಂದವಳು. ತಿರುಗಿ ಕೊಡದಿದ್ದರೆ ಮುಖ ಎತ್ತಿ ತಿರುಗುವ ಹಾಗಿಲ್ಲ. ಹೆಂಗಸರು ಬಟ್ಟಲು ಹಿಡಿದು ಬಂದರು. ಬರುವಷ್ಟರಲ್ಲಿ ಯಮನೂರಪ್ಪ ಕರುವನ್ನು ಕೆಚ್ಚಲಿಗೆ ಬಿಟ್ಟು, ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದ.

"ಹಳದಿ ಹಾಲು ಕೂಸಿಂದು," ಅಂದ.

"ಎಮ್ಮೀದೋ ಇದು," ಅಂದಳು ಕಳಕವ್ವ.

"ಎಮ್ಮೀಗೆ ಅದು ಕೂಸಲ್ಲೇನು?"

ಬಟ್ಟಲು ಹಿಡಿದವರಲ್ಲಿ ಕಸ್ತೂರೆವ್ವನೂ ಇದ್ದಳು. "ಯಮನೂರಪ್ಪ, ನಾ ಹೇಳಿದ್ದು ಇದಲ್ಲಪಾ," ಅಂದಳು. "ಯಾರ್ ಬಂದು ಏನಂದ್ರೂ ಬಿಡಬ್ಯಾಡ ಅಂದಾಳ ಅವ್ವ," ಅಂದ. ಕರು ಬಾಲ ನಿಗುರಿಸಿ ಕುಡಿಯಿತು. ಬಟ್ಟಲುಗಳು ಬರಿದೇ ತಿರುಗಿ ಹೋದವು. ಸಂಜೆ ಹೊಲದ ದಾರಿಯಲ್ಲೇ ಫಕೀರವ್ವನಿಗೆ ಸುದ್ದಿ ಮುಟ್ಟಿತು: "ನಿನ್ನ ಮಗ ಎಮ್ಮಿ ಬಾಣಂತನಕ್ಕ ನಿಂತಾನ ನೋಡಬೇ."

ಅವಳು ಬಡಿಗೆ ಹಿಡಿದೇ ಕೊಟ್ಟಿಗೆಗೆ ಹೋದಳು. ಕರು ಹೊಟ್ಟೆ ತುಂಬಿ ಅತ್ತಿಂದಿತ್ತ ನೆಗೆಯುತ್ತಿತ್ತು. ನೋಡುತ್ತ ನಿಂತಳು. ಊರ ಹೆಂಗಸರೆಲ್ಲ ಎಮ್ಮೆಯ ಮೊದಲ ಹಾಲಿಗೆ ಬಟ್ಟಲು ಹಿಡಿದು ಬಂದಿದ್ದರು. ಮಗಳ ಮೊದಲ ಹಾಲನ್ನು ಇದೇ ಮನೆಯ ಗೋಡೆಯ ಬುಡಕ್ಕೆ... ಫಕೀರವ್ವ ಆ ಯೋಚನೆಯನ್ನು ಮುಗಿಸಲಿಲ್ಲ. ಮುಗಿಸಲಾರದ ಸಿಟ್ಟೆಲ್ಲ ಮಗನ ಮೇಲೆ ತಿರುಗಿತು.

"ಅದು ಮನಷ್ಯಾರ ಕೂಸಿನ ಮಾತೋ, ಎಮ್ಮೀದಲ್ಲ. ಇಲ್ಲಿ ನಿಂತು ಏನ್ ಮಾಡತಿ? ನಾಳೆ ನಿಮ್ಮಕ್ಕ ಹಡೀತಾಳಲ್ಲ, ಆವಾಗ ನಿಂದ್ರು ಬಾಗಲಕ್ಕ ಅಡ್ಡ. ಆವಾಗ ಹಿಡಿ ನಿನ್ನ ಮಾತು. ಆವಾಗ ನಾನೇ ಬಂದು ಬಿಡು ಅಂದ್ರೂ ಬಿಡಬ್ಯಾಡ."

"ನೀ ಅಂದ್ರೂ ಬಿಡೋದಿಲ್ಲವ್ವ."

ಬಡಿಗೆ ಮೂಲೆಗಿಟ್ಟು ಅವಳು ಒಲೆಯ ಮುಂದೆ ಹೋಗಿ ಕೂತಳು.

ರೇಣವ್ವನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಮತ್ತೆ ಹೆಣ್ಣು ಕೂಸು, ಮತ್ತೆ ಗುಂಡಗೆ ಚೆನ್ನಾಗಿತ್ತು. ಅಲ್ಲಿಯ ನರ್ಸಮ್ಮ ಅಲ್ಲೇ ಕೂಸನ್ನು ತಾಯಿಯ ಹಾಲಿಗೆ ಹಚ್ಚಿ, ಬೇರೇನೂ ಕೊಡಬೇಡಿ ಅಂದಳು. ಎಲ್ಲರೂ ಹೂಂ ಅಂದರು. ಆಸ್ಪತ್ರೆಯ ಮಾತು ಆಸ್ಪತ್ರೆಗೆ, ಮನೆಯ ಮಾತು ಮನೆಗೆ.

ಮನೆಯ ಮಾತು ಏನೆಂದರೆ, ಹೊಸ ಕೂಸು ಹೊಸ್ತಿಲು ದಾಟುವ ಮೊದಲು ಬತ್ತಿಯಲ್ಲಿ ಬೆಲ್ಲದ ನೀರು ಅದ್ದಿ ಬಾಯಿಗಿಡಬೇಕು. ಮೊದಲ ಹನಿ ಯಾರು ಕೊಡುತ್ತಾರೋ ಅವರ ಗುಣ ಕೂಸಿಗೆ ಬರುತ್ತದೆ. ಆಮೇಲೆ ಹೊಟ್ಟೆ ತೊಳೆಯಲಿ ಅಂತ ಔಡಲೆಣ್ಣೆ. ಆಮೇಲೆ ಮೂರನೆಯ ದಿನದ ತನಕ ತಾಯಿಯ ಹಾಲಿಲ್ಲ.

ಕೂಸು ಮನೆಗೆ ಬರುವ ದಿನ ರೇಣವ್ವನ ಅತ್ತೆ ಬಾಳವ್ವ ಬೆಳ್ಳಿಯ ಬಟ್ಟಲು ತಂದಿದ್ದಳು. "ಕಸ್ತೂರೆವ್ವ ಶ್ಯಾಣ್ಯಾಕಿ, ಮೊದಲನೇ ಹನಿ ಆಕೀನೇ ಹಾಕಲಿ," ಅಂದಳು. ಕಸ್ತೂರೆವ್ವ ಕೆಂಪಾದಳು. ಕೂಟದಲ್ಲಿ ತಾನೇ ಹೇಳಿದ ಮಾತು ನೆನಪಿಲ್ಲ ಅಂತಲ್ಲ. ಹಿರಿಯರು ನಾಕು ಮಂದಿಯ ಮುಂದೆ ಕರೆದಾಗ ಒಲ್ಲೆ ಅನ್ನುವುದು ಹೇಗೆ? "ಒಂದೇ ಹನಿ," ಅಂದಳು, ಬಟ್ಟಲು ತಗೊಂಡಳು. ಕಳಕವ್ವ ಔಡಲೆಣ್ಣೆಯ ಗಿಂಡಿ ಹಿಡಿದು ಹಿಂದೆ ನಿಂತಳು.

"ಬೀಗತಿ, ಬತ್ತಿ?" ಅಂದಳು ಬಾಳವ್ವ.

ಫಕೀರವ್ವ ಅರಳೆ ತಗೊಂಡಳು. ಹೊಸೆದಳು. ಬೀಗರು ಬಾಗಿಲಲ್ಲಿ ನಿಂತಿದ್ದಾಗ ಬೆರಳು ನೋಯತಾವ ಅನ್ನಲಿಕ್ಕೆ ಬರುವುದಿಲ್ಲ. ಆಟೋದಿಂದ ಇಳಿದ ರೇಣವ್ವ ಕೂಸನ್ನು ಎದೆಗೆ ಅವಚಿಕೊಂಡು ಅವ್ವನ ಕೈಯನ್ನೇ ನೋಡಿದಳು.

"ಯವ್ವಾ," ಅಂದಳು. ಅಷ್ಟೇ.

ಫಕೀರವ್ವ ಮಗಳ ಮುಖ ನೋಡಲಿಲ್ಲ.

ಹೊಸ್ತಿಲ ಮೇಲೆ ಯಮನೂರಪ್ಪ ನಿಂತಿದ್ದ. ಎರಡೂ ಕೈ ಚೌಕಟ್ಟಿಗೆ.

"ಅತ್ತ ಸರೀಪಾ," ಅಂದಳು ಕಸ್ತೂರೆವ್ವ.

"ಅದರಾಗೇನೈತಿ?"

"ಬೆಲ್ಲದ ನೀರು. ಒಂದೇ ಹನಿ."

"ಒಂದ್ ಹನೀನೂ ಬ್ಯಾಡ ಅಂದೀಬೇ ನೀ. ಎಲ್ಲಾರೂ ಅಂದ್ರು. ನಾನೂ ಅಂದೆ." ಅವನು ಬಟ್ಟಲಲ್ಲಿ ಇಣುಕಿದ. "ಇದರಾಗ ಭಾಳ ಹನಿ ಅದಾವ."

ಕಸ್ತೂರೆವ್ವ ಬಟ್ಟಲನ್ನೇ ನೋಡುತ್ತ ನಿಂತಳು. ಬಾಳವ್ವ ಫಕೀರವ್ವನ ಕಡೆ ತಿರುಗಿದಳು. "ಬೀಗತಿ, ನಿಮ್ಮ ಮಗಗ ಹೇಳ್ರಿ. ಬಿಸಲಾಗ ಬಾಣಂತಿ ನಿಂತಾಳ."

"ಬಿಡೋ ಯಮನೂರಪ್ಪ," ಅಂದಳು ಫಕೀರವ್ವ. "ಬೀಗರು ಬಂದಾರ."

"ನೀ ಅಂದ್ರೂ ಬಿಡಬ್ಯಾಡ ಅಂದೀಯವ್ವ."

"ಈಗ ನಾನೇ ಹೇಳಾಕತ್ತೀನಲ್ಲೋ."

"ಹೌದವ್ವ, ನೀನೇ ಹೇಳಾಕತ್ತಿ. ಅದಕ್ಕೇ ಬಿಡೋದಿಲ್ಲ."

ಹಾಗೆಂದವನು ಕೈ ಚಾಚಿ ಬೆಳ್ಳಿಯ ಬಟ್ಟಲನ್ನು ಇಸಿದುಕೊಂಡ. ಚೆಲ್ಲುವುದು ಅವನಿಗೆ ಹೊಳೆಯಲಿಲ್ಲ. ಕೂಸಿನ ಬಾಯಿಗೆ ಹೋಗದಂತೆ ಬೆಲ್ಲದ ನೀರನ್ನು ಇಡಲಿಕ್ಕೆ ಅವನಿಗೆ ಕಂಡ ಜಾಗ ಒಂದೇ. ಗಟಗಟ ಕುಡಿದ. ತಳದಲ್ಲಿ ಉಳಿದದ್ದನ್ನು ನೆಕ್ಕಿ, ಬಟ್ಟಲನ್ನು ಕಸ್ತೂರೆವ್ವನ ಕೈಗೆ ತಿರುಗಿ ಕೊಟ್ಟ.

"ಕೆಟ್ಟಿತು," ಅಂದಳು ಬಾಳವ್ವ. "ಮೊದಲನೇ ಹನಿ ಪೆದ್ದನ ಪಾಲಾತು. ಇನ್ನ ನಮ್ಮ ಕೂಸಿಗೆ ಯಾರ ಗುಣ ಬರಬೇಕು?"

ಫಕೀರವ್ವ ತನ್ನ ಬೆರಳ ನಡುವಿನ ಬತ್ತಿಯನ್ನು ನೋಡಿದಳು. ಅದಿನ್ನೂ ನೆನೆದಿರಲಿಲ್ಲ. ಅದನ್ನು ಬಿಚ್ಚಿ ಮತ್ತೆ ಅರಳೆ ಮಾಡಿದಳು, ಗಾಳಿಗೆ ಬಿಟ್ಟಳು.

"ಅವಂದೇ ಬರಲಿ ಬಿಡ್ರಿ, ಬೀಗತಿ," ಅಂದಳು.

ರೇಣವ್ವ ಮತ್ತೊಂದು ಮಾತಿಗೆ ಕಾಯಲಿಲ್ಲ. ತಮ್ಮನ ತೋಳಿನ ಕೆಳಗೆ ಬಗ್ಗಿ, ಕೂಸಿನ ಸಂಗಡ ಹೊಸ್ತಿಲು ದಾಟಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಸು ಹಾಲು ಚೀಪುವ ಸಣ್ಣ ಸದ್ದು ಕೇಳಿಸಿತು. ಹೊರಗೆ ನಿಂತವರೆಲ್ಲ ಅದನ್ನೇ ಕೇಳುತ್ತ ನಿಂತರು.

ಯಮನೂರಪ್ಪ ಮಾತ್ರ ಕಳಕವ್ವನ ಗಿಂಡಿಯನ್ನು ನೋಡುತ್ತಿದ್ದ.

"ಅದೂ ಹನೀನೇ ಅಲ್ಲೇನು?" ಅಂತ ಇಸಿದುಕೊಂಡ.

"ಅದನ್ನ ಬಿಡೋ ನನ್ನಪ್ಪ," ಅಂದಳು ಫಕೀರವ್ವ, ನಗುವೂ ಅಳುವೂ ಒಟ್ಟಿಗೇ ಬಂದು. "ಅದು ಔಡಲೆಣ್ಣಿ. ನಿನ್ನ ಹೊಟ್ಟಿ ಹೊರಗ ಬರತೈತಿ. ನಿನ್ನ ಕಾಲಿಗೆ ಬೀಳತೀನಿ, ಬಿಡು."

"ನೀ ಅಂದ್ರೂ ಬಿಡೋದಿಲ್ಲವ್ವ," ಅಂದು ಯಮನೂರಪ್ಪ ಕಣ್ಣು ಮುಚ್ಚಿ ಗಿಂಡಿಯನ್ನು ಎತ್ತಿದ, ಕಡೆಯ ಹನಿಯ ತನಕ ಕುಡಿದ.